ಹೆಪ್ಪು ಕೆಡಿಸುವ ವೈರಸ್

ಮನೆಯಲ್ಲಿ ಹಾಲು ಹೆಪ್ಪುಗಟ್ಟದಿದ್ದರೆ ಕಾರಣ ಹುಡುಕುವುದು ಕಷ್ಟವೇನಲ್ಲ. ಹಾಲು ತೀರಾ ಬಿಸಿಯಿತ್ತು, ಇಲ್ಲವೇ ಪೂರ್ತಿ ಆರಿಹೋಗಿತ್ತು, ಹೆಪ್ಪು ಹಳೆಯದು, ರಾತ್ರಿ ಚಳಿ ಹೆಚ್ಚು. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ಮತ್ತೆ ಹೆಪ್ಪು ಹಾಕಿದರೆ ಮುಗಿಯಿತು. ಆದರೆ ಸಾವಿರಾರು ಲೀಟರ್ ಹಿಡಿಯುವ ಡೈರಿಯ ತೊಟ್ಟಿಯಲ್ಲಿ ಹೀಗಾದರೆ? ಬಿಸಿ ಸರಿಯಾಗಿದೆ, ಹೆಪ್ಪು ನಿನ್ನೆಯವರೆಗೂ ಚೆನ್ನಾಗಿಯೇ ಇತ್ತು. ಇವತ್ತು ಮಾತ್ರ ಹಾಲು ಹುಳಿಯಾಗತೊಡಗಿ ಅರ್ಧಕ್ಕೇ ನಿಂತುಬಿಟ್ಟಿದೆ. ಚೀಸ್ ಮಾಡುವವರನ್ನು ಬಹಳ ಕಾಲ ಕಾಡಿದ ಈ ಒಗಟನ್ನು 1935ರಲ್ಲಿ ಬಿಡಿಸಿದವರು ನ್ಯೂಜಿಲೆಂಡಿನ ವೈಟ್‌ಹೆಡ್ ಮತ್ತು ಕಾಕ್ಸ್. ಹಾಲಿನಲ್ಲಿ ದೋಷವಿರಲಿಲ್ಲ. ಕಾಯಿಲೆ ಬಿದ್ದಿದ್ದು ಹೆಪ್ಪು.

ಹೆಪ್ಪು ಎಂದರೆ ಜೀವಂತ ಬ್ಯಾಕ್ಟೀರಿಯಗಳ ಹಿಂಡು. ನಮಗೆ ನೆಗಡಿ ಬರುವ ಹಾಗೆ ಅವಕ್ಕೂ ವೈರಸ್ ತಗಲುತ್ತದೆ. ಬ್ಯಾಕ್ಟೀರಿಯಗಳಿಗೆ ತಗಲುವ ವೈರಸ್ಸಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರು, ಚಿಕ್ಕದಾಗಿ ಫೇಜ್. ಗ್ರೀಕ್ ಮೂಲದ ಈ ಹೆಸರಿನ ಅರ್ಥ ‘ಬ್ಯಾಕ್ಟೀರಿಯ ತಿನ್ನುವುದು’. ನನ್ನನ್ನು ಕೇಳಿದರೆ ಹೆಸರು ಅಷ್ಟು ಸರಿಯಲ್ಲ. ಅದಕ್ಕೆ ತಿನ್ನಲು ಬಾಯಿಯೂ ಇಲ್ಲ, ಅರಗಿಸಲು ಹೊಟ್ಟೆಯೂ ಇಲ್ಲ. ಪ್ರೋಟೀನಿನ ಒಂದು ಡಬ್ಬಿ, ಅದರೊಳಗೆ ಸುತ್ತಿಟ್ಟ ಡಿಎನ್ಎ ಅಥವಾ ಆರ್‌ಎನ್ಎ ಎಳೆ, ಹೆಚ್ಚಿನವಕ್ಕೆ ಒಂದು ಬಾಲ, ಇಷ್ಟೇ ಅದರ ಆಸ್ತಿ. ಇನ್ನೊಬ್ಬರ ಅಡುಗೆಮನೆಗೆ ನುಗ್ಗಿ, ಅವರದೇ ಸೌದೆ, ಅವರದೇ ಅಕ್ಕಿಯಲ್ಲಿ ತನ್ನ ಮನೆಯ ಮದುವೆ ಅಡುಗೆ ಮಾಡಿಸಿಕೊಳ್ಳುವ ಜಾತಿ ಅದು.

ಫೇಜ್‌ನ ಇನ್ನೊಂದು ಗುಣ ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಎಲೆಯ ಮುಂದೆ ಕುಳಿತು ಅದು ಬೇಡ, ಇದು ಸೇರದು ಎನ್ನುವ ನೆಂಟನಂತೆ ಅದು ಮಹಾ ಹಟಮಾರಿ. ಸಾಮಾನ್ಯವಾಗಿ ಒಂದು ಫೇಜ್ ಒಂದು ಪ್ರಭೇದದ ಬ್ಯಾಕ್ಟೀರಿಯವನ್ನು ಮಾತ್ರ ಮುಟ್ಟುತ್ತದೆ. ಎಷ್ಟೋ ಸಲ ಆ ಪ್ರಭೇದದಲ್ಲೂ ಒಂದೆರಡು ತಳಿಗಳನ್ನು ಮಾತ್ರ. ಡೈರಿಗಳು ಬದುಕಿಕೊಂಡಿರುವುದು ಇದರಿಂದಲೇ. ಒಂದು ಹೆಪ್ಪಿನ ಫೇಜ್ ತೊಟ್ಟಿಯಲ್ಲಿ ಸೇರಿಕೊಂಡರೆ ಮರುದಿನ ಬೇರೆ ತಳಿಯ ಹೆಪ್ಪು ಹಾಕುತ್ತಾರೆ. ನಿನ್ನೆಯ ಫೇಜ್‌ಗೆ ಇವತ್ತಿನ ಊಟ ಸೇರುವುದಿಲ್ಲ. ಮನೆಯ ಹೆಪ್ಪಿನಲ್ಲಿ ಹತ್ತಾರು ತಳಿಗಳು ಬೆರೆತಿರುತ್ತವೆ. ಒಂದು ಮಲಗಿದರೆ ಇನ್ನೊಂದು ಹಾಲನ್ನು ಗಟ್ಟಿ ಮಾಡುತ್ತದೆ. ಅಜ್ಜಿಯರ ಕಾಲದ ಹೆಪ್ಪು ತಲೆಮಾರುಗಟ್ಟಲೆ ಉಳಿದುಬರಲು ಇದೂ ಒಂದು ಕಾರಣ.

ಇಷ್ಟು ಸಣ್ಣದನ್ನು ಕಂಡುಹಿಡಿದದ್ದು ಹೇಗೆ? ದೊಡ್ಡ ಗಾತ್ರದ ಫೇಜ್ ಒಂದು ಸುಮಾರು 200 ನ್ಯಾನೊಮೀಟರ್ ಉದ್ದ. ಐದು ಸಾವಿರ ಫೇಜ್‌ಗಳನ್ನು ತಲೆಗೆ ಬಾಲ ತಾಗಿಸಿ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಆದರೂ ಅದರ ಕೈವಾಡ ಬರಿಗಣ್ಣಿಗೆ ಕಾಣುತ್ತದೆ, ಅದನ್ನು ನೋಡುವ ವಿಧಾನ ದೋಸೆ ಹುಯ್ಯುವ ಕೆಲಸಕ್ಕೆ ಬಹಳ ಹತ್ತಿರ.

ಗಾಜಿನ ತಟ್ಟೆಯಲ್ಲಿ ಮೊದಲೇ ಅಗರ್ ಎಂಬ ಗಟ್ಟಿ ಲೋಳೆಯ ಹಾಸು ಇರುತ್ತದೆ. ಇನ್ನೊಂದು ನಳಿಕೆಯಲ್ಲಿ ತೆಳುವಾದ ಅಗರ್ ಕರಗಿಸಿ, ಕೈಗೆ ಹಿತವೆನಿಸುವಷ್ಟು ಆರಿದ ಮೇಲೆ ಅದಕ್ಕೆ ಬ್ಯಾಕ್ಟೀರಿಯಗಳನ್ನೂ ಫೇಜ್ ಇದೆಯೆಂದು ಅನುಮಾನವಿರುವ ನೀರಿನ ಒಂದು ಹನಿಯನ್ನೂ ಬೆರೆಸಿ ತಟ್ಟೆಯ ಮೇಲೆ ಸುರಿಯುತ್ತಾರೆ. ತಟ್ಟೆಯನ್ನು ಓರೆ ಮಾಡಿ ತಿರುಗಿಸಿದರೆ ಹಿಟ್ಟು ಹರಡಿದ ಹಾಗೆ ತೆಳುವಾಗಿ ಹರಡಿ ಗಟ್ಟಿಯಾಗುತ್ತದೆ. ರಾತ್ರಿಯಿಡೀ 37 ಡಿಗ್ರಿ ಬಿಸಿಯಲ್ಲಿಟ್ಟು ಬೆಳಿಗ್ಗೆ ನೋಡಿದರೆ ಬ್ಯಾಕ್ಟೀರಿಯ ಬೆಳೆದು ತಟ್ಟೆಯೆಲ್ಲ ಮಸುಕು ಬಿಳಿ. ನಡುನಡುವೆ ಗುಂಡುಸೂಜಿಯ ತಲೆಯಷ್ಟು, ಕೆಲವು ಕಡಲೆಬೇಳೆಯಷ್ಟು ದೊಡ್ಡ ತಿಳಿಯಾದ ತೂತುಗಳು. ಎಲ್ಲರ ಮನೆ ದೋಸೆಯೂ ತೂತೇ. ಆದರೆ ಇಲ್ಲಿ ತೂತಿಗೇ ಬೆಲೆ. ರಾತ್ರಿ ಆ ಜಾಗಕ್ಕೆ ಬಿದ್ದ ಒಂದೇ ಒಂದು ಫೇಜ್ ಒಂದು ಬ್ಯಾಕ್ಟೀರಿಯವನ್ನು ಒಡೆದಿದೆ, ಹೊರಬಂದ ಮರಿಗಳು ಅಕ್ಕಪಕ್ಕದವನ್ನು ಒಡೆದಿವೆ, ಹಾಗೆ ಒಡೆಯುತ್ತ ಹೋಗಿ ಬಯಲು ಬಿದ್ದಿದೆ. ತೂತು ಎಣಿಸಿದರೆ ಫೇಜ್ ಎಣಿಸಿದಂತೆ. ಮೂಲ ನೀರನ್ನು ಹತ್ತು ಲಕ್ಷ ಪಟ್ಟು ತೆಳುಮಾಡಿ, ಅದರಲ್ಲಿ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗ ಸುರಿದಾಗ 80 ತೂತು ಬಿದ್ದವು ಎನ್ನಿ. ಮೂಲದಲ್ಲಿ ಮಿಲಿಲೀಟರಿಗೆ 80 ಕೋಟಿ ಫೇಜ್ ಇದ್ದವು ಎಂದಾಯಿತು.

ಇಂಥ ಬಯಲುಗಳನ್ನು ಮೊದಲು ಗಮನಿಸಿ ಬರೆದವರಲ್ಲಿ ಇಬ್ಬರ ಹೆಸರು ಮುಖ್ಯ. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ ತನ್ನ ಬ್ಯಾಕ್ಟೀರಿಯಗಳು ಗಾಜಿನಂತೆ ಪಾರದರ್ಶಕವಾಗುವುದನ್ನು ಕಂಡು ವರದಿ ಮಾಡಿದ, ಆದರೆ ಕಾರಣವನ್ನು ಖಚಿತವಾಗಿ ಹೇಳಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್‌ಗೆ ಅಂಥ ಸಂಕೋಚವಿರಲಿಲ್ಲ. ಆಮಶಂಕೆಯಿಂದ ನರಳುತ್ತಿದ್ದ ಸೈನಿಕರ ಮಲದಿಂದ ಸೋಸಿ ತೆಗೆದ ದ್ರವ ಆಮಶಂಕೆಯ ಬ್ಯಾಕ್ಟೀರಿಯಗಳನ್ನು ಕರಗಿಸುವುದನ್ನು ಕಂಡು, ಇದು ಬ್ಯಾಕ್ಟೀರಿಯದ ಮೇಲೆ ಬದುಕುವ ಪರಾವಲಂಬಿ ಎಂದು 1917ರಲ್ಲಿ ಸಾರಿದ. ಬ್ಯಾಕ್ಟೀರಿಯೊಫೇಜ್ ಎಂಬ ಹೆಸರಿಟ್ಟವನೂ ಅವನೇ.

ಇವರಿಗೂ ಮುಂಚೆ, 1896ರಲ್ಲಿ, ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಗಂಗಾ ಯಮುನೆಯರ ನೀರು ಕಾಲರಾ ರೋಗಾಣುಗಳನ್ನು ಕೊಲ್ಲುತ್ತದೆ, ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ಬರೆದಿದ್ದ. ಅದು ಫೇಜ್‌ನ ಕೆಲಸವಿರಬಹುದೆಂಬುದು ನಂತರದವರ ಊಹೆ. ಈ ಒಂದು ವಾಕ್ಯವನ್ನು ಹಿಡಿದು ಗಂಗಾಜಲವೇ ಔಷಧಿ ಎಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಸಂದೇಶಗಳನ್ನು ನೀವೂ ನೋಡಿರುತ್ತೀರಿ. ಫೇಜ್ ಹೇರಳವಾಗಿರುವುದು ಅದಕ್ಕೆ ಊಟವಿರುವ ಕಡೆ. ನೀರಿನಲ್ಲಿ ಕಾಲರಾ ಫೇಜ್ ತುಂಬಿದೆಯೆಂದರೆ ಅಲ್ಲಿ ಕಾಲರಾ ಬ್ಯಾಕ್ಟೀರಿಯವೂ ಇದೆ, ಇಲ್ಲವೇ ಮೊನ್ನೆಯವರೆಗೂ ಇತ್ತು ಎಂದರ್ಥ. ಫೇಜ್ ಹುಡುಕುವವರು ಇವತ್ತಿಗೂ ಮೊದಲು ಹೋಗುವುದು ಚರಂಡಿಗೆ.

ಇನ್ನು ಮುತ್ತಿಗೆಯನ್ನು ಹತ್ತಿರದಿಂದ ನೋಡೋಣ. ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯವನ್ನು ಹಿಡಿಯುವ ಟಿ4 ಎಂಬ ಫೇಜ್ ಚಂದ್ರನ ಮೇಲಿಳಿದ ನೌಕೆಯ ಹಾಗಿದೆ: ಮೇಲೆ ಮುಖಗಳಿರುವ ತಲೆ, ಕೆಳಗೆ ಕೊಳವೆಯಂಥ ಬಾಲ, ಬಾಲದ ತುದಿಯಲ್ಲಿ ಆರು ಉದ್ದನೆಯ ಕಾಲುಗಳು. ಅದು ಈಜಲಾರದು, ನೀರಿನ ಕಣಗಳು ದೂಡಿದ ಕಡೆ ಹೋಗುತ್ತದೆ. ಕಾಲಿನ ತುದಿ ಬ್ಯಾಕ್ಟೀರಿಯದ ಹೊರಮೈಯ ಒಂದು ನಿರ್ದಿಷ್ಟ ಅಣುವಿಗೆ ತಾಗಿದಾಗ ಮಾತ್ರ ಹಿಡಿತ ಸಿಗುತ್ತದೆ. ಊಟದ ಹಟವೆಂದು ಆಗ ಹೇಳಿದೆನಲ್ಲ, ಅದು ಕುಳಿತಿರುವುದು ಈ ಕಾಲ್ತುದಿಯಲ್ಲಿ. ಹಲವು ಕಾಲುಗಳು ಕಚ್ಚಿಕೊಂಡ ಮೇಲೆ ಬಾಲದ ಅಡಿಯ ಪೀಠ ಅರಳುತ್ತದೆ, ಬಾಲದ ಹೊರಕವಚ ಅರ್ಧಕ್ಕಿಂತ ಗಿಡ್ಡಕ್ಕೆ ಕುಗ್ಗುತ್ತದೆ, ಒಳಗಿನ ಗಟ್ಟಿ ಕೊಳವೆ ಬ್ಯಾಕ್ಟೀರಿಯದ ಗೋಡೆಗೆ ಚುಚ್ಚಿಕೊಳ್ಳುತ್ತದೆ. ತಲೆಯೊಳಗಿನ ಡಿಎನ್ಎ ತಲೆಯ ಉದ್ದಕ್ಕಿಂತ ಸುಮಾರು 500 ಪಟ್ಟು ಉದ್ದ. ಅಷ್ಟನ್ನು ಒತ್ತಿ ತುಂಬಿರುವುದರಿಂದ ಒಳಗಿನ ಒತ್ತಡ ಕಾರಿನ ಟೈರಿನಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ದಾರಿ ಸಿಕ್ಕಿದ ಕೂಡಲೇ ಅದು ಒಳಗೆ ಧುಮುಕುತ್ತದೆ. ಖಾಲಿ ತಲೆ ಹೊರಗೇ ಉಳಿಯುತ್ತದೆ.

ಡಿಎನ್ಎ ಒಳಗೆ, ಪ್ರೋಟೀನು ಹೊರಗೆ. ಇದನ್ನೇ ಬಳಸಿಕೊಂಡು 1952ರಲ್ಲಿ ಆಲ್‌ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಜೀವಿಯ ನಕ್ಷೆ ಇರುವುದು ಡಿಎನ್ಎಯಲ್ಲಿ ಎಂದು ತೋರಿಸಿದರು. ಹೊರಗಿನ ಖಾಲಿ ಚಿಪ್ಪುಗಳನ್ನು ಕಿತ್ತು ಬೇರೆ ಮಾಡಲು ಅವರು ಬಳಸಿದ್ದು ಅಡುಗೆಮನೆಯ ಮಿಕ್ಸಿಯಂಥದ್ದೇ ಒಂದು ಯಂತ್ರವನ್ನು.

ಒಳಗೆ ಹೋದದ್ದು ಸುಮ್ಮನಿರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಬ್ಯಾಕ್ಟೀರಿಯದ ಸ್ವಂತ ಕೆಲಸಗಳು ನಿಲ್ಲುತ್ತವೆ, ಅದರ ಡಿಎನ್ಎ ಚೂರುಚೂರಾಗಿ ಆ ಚೂರುಗಳು ಫೇಜ್‌ನ ಹೊಸ ಡಿಎನ್ಎಗೆ ಸಾಮಗ್ರಿಯಾಗುತ್ತವೆ. ತಲೆಗಳು ಒಂದು ಕಡೆ, ಬಾಲಗಳು ಒಂದು ಕಡೆ ತಯಾರಾಗಿ ಜೋಡಣೆಯಾಗುತ್ತವೆ. 25-30 ನಿಮಿಷಕ್ಕೆ ಗೋಡೆ ಕರಗಿಸುವ ಕಿಣ್ವ ಬಿಡುಗಡೆಯಾಗಿ ಬ್ಯಾಕ್ಟೀರಿಯ ಒಡೆಯುತ್ತದೆ. ನೂರು, ಇನ್ನೂರು ಮರಿಗಳು ಹೊರಗೆ. ಒಂದು ಧಾರಾವಾಹಿಯ ಕಂತು ಮುಗಿಯುವಷ್ಟರಲ್ಲಿ ಒಂದು ತಲೆಮಾರು.

ಎಲ್ಲ ಫೇಜ್‌ಗಳಿಗೂ ಇಷ್ಟು ಅವಸರವಿಲ್ಲ. ಎಸ್ತರ್ ಲೆಡರ್‌ಬರ್ಗ್ ಪತ್ತೆ ಮಾಡಿ 1951ರಲ್ಲಿ ವರದಿ ಮಾಡಿದ ಲ್ಯಾಂಬ್ಡಾ ಎಂಬ ಫೇಜ್ ಒಳಗೆ ಹೋದ ಮೇಲೆ ಪರಿಸ್ಥಿತಿ ನೋಡಿ ನಿರ್ಧರಿಸುತ್ತದೆ. ಬ್ಯಾಕ್ಟೀರಿಯ ಹೊಟ್ಟೆಗಿಲ್ಲದೆ ಸೊರಗಿದ್ದರೆ, ಒಂದೇ ಬ್ಯಾಕ್ಟೀರಿಯಕ್ಕೆ ಹಲವು ಫೇಜ್‌ಗಳು ನುಗ್ಗಿದ್ದರೆ, ಅದು ತನ್ನ ಡಿಎನ್ಎಯನ್ನು ಬ್ಯಾಕ್ಟೀರಿಯದ ಡಿಎನ್ಎಗೆ ಹೊಲಿದುಕೊಂಡು ಮಲಗಿಬಿಡುತ್ತದೆ. ಬ್ಯಾಕ್ಟೀರಿಯ ಎರಡಾದಾಗ ಅದೂ ಎರಡಾಗುತ್ತದೆ. ಎಂದೋ ಒಂದು ದಿನ ನೇರಳಾತೀತ ಕಿರಣ ತಗಲಿಯೋ ಇನ್ನೇನೋ ಆಗಿಯೋ ಮನೆಯ ಡಿಎನ್ಎಗೆ ಪೆಟ್ಟು ಬಿದ್ದರೆ, ಮುಳುಗುವ ಹಡಗಿನ ಇಲಿಯಂತೆ ಎದ್ದು, ಮರಿ ಮಾಡಿ, ಮನೆ ಒಡೆದು ಹೊರಡುತ್ತದೆ. ಮಣ್ಣಿನ ಬ್ಯಾಸಿಲಸ್ ಬ್ಯಾಕ್ಟೀರಿಯಗಳ ಕೆಲವು ಫೇಜ್‌ಗಳದ್ದು ಇನ್ನೂ ಸೋಜಿಗ. ಅವು ಪ್ರತಿ ಸೋಂಕಿನಲ್ಲೂ ಆರೇ ಅಮೈನೊ ಆಮ್ಲಗಳ ಒಂದು ಪುಟ್ಟ ಅಣುವನ್ನು ಹೊರಗೆ ಬಿಡಿಸುತ್ತವೆ ಎಂದು ಇಸ್ರೇಲಿನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ಸುತ್ತಲೂ ಆ ಅಣು ದಟ್ಟವಾಗಿದ್ದರೆ ‘ನಮ್ಮವರು ಈಗಾಗಲೇ ಬಹಳ ಮನೆ ಒಡೆದಿದ್ದಾರೆ, ಇನ್ನು ಮಲಗುವುದೇ ಲೇಸು’ ಎಂಬ ಸುದ್ದಿ ಮುಂದಿನ ಫೇಜ್‌ಗೆ ಮುಟ್ಟುತ್ತದೆ.

ಮಲಗಿದ ಫೇಜ್ ಬಾಡಿಗೆ ಕೊಡುವುದೂ ಉಂಟು, ಆ ಬಾಡಿಗೆ ನಮಗೆ ವಿಷ. ಗಂಟಲುಮಾರಿಯ ಬ್ಯಾಕ್ಟೀರಿಯ ತಾನಾಗಿ ಆ ಕುಖ್ಯಾತ ವಿಷವನ್ನು ತಯಾರಿಸಲಾರದು. ವಿಷದ ಜೀನ್ ಇರುವುದು ಅದರೊಳಗೆ ಮಲಗಿದ ಫೇಜ್‌ನಲ್ಲಿ. ಕಾಲರಾದ ಕಥೆಯೂ ಇದೇ ಎಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೊಸ್ ತೋರಿಸಿದರು. ಮನುಷ್ಯನ ಮೈಯ ನೀರನ್ನೆಲ್ಲ ಭೇದಿಯಾಗಿ ಹರಿಸುವ ಕಾಲರಾ ವಿಷ ದಾರದಂಥ ಒಂದು ಫೇಜ್ ಹೊತ್ತು ತಂದ ಸಾಮಾನು. ದೆರೆಲ್ 1920ರ ದಶಕದಲ್ಲಿ ಫೇಜ್ ಹಿಡಿದುಕೊಂಡು ಕಾಲರಾ ಓಡಿಸಲೆಂದು ಭಾರತಕ್ಕೆ ಬಂದಿದ್ದ. ಕಾಲರಾವನ್ನು ಕಾಲರಾ ಮಾಡಿದ್ದು ಇನ್ನೊಂದು ಫೇಜ್ ಎಂದು ಅವನಿಗೆ ತಿಳಿಯುವ ದಾರಿ ಇರಲಿಲ್ಲ.

ಬ್ಯಾಕ್ಟೀರಿಯಗಳು ಸುಮ್ಮನೆ ಕೈಕಟ್ಟಿ ಕುಳಿತಿಲ್ಲ. ತಮ್ಮ ಡಿಎನ್ಎಗೆ ಗುರುತಿನ ಬೊಟ್ಟು ಇಟ್ಟುಕೊಂಡು, ಬೊಟ್ಟಿಲ್ಲದ ಡಿಎನ್ಎ ಒಳಗೆ ಬಂದರೆ ಕತ್ತರಿಸುವ ಕಿಣ್ವಗಳು ಅವುಗಳಲ್ಲಿವೆ. ಜೈವಿಕ ತಂತ್ರಜ್ಞಾನ ಎದ್ದುನಿಂತದ್ದು ಈ ಕತ್ತರಿಗಳ ಮೇಲೆ. ಫೇಜ್ ಅದಕ್ಕೂ ಪ್ರತಿತಂತ್ರ ಹೂಡುತ್ತದೆ. ಮ್ಯೂ ಎಂಬ ಫೇಜ್ ತನ್ನ ಡಿಎನ್ಎಯ ಅಕ್ಷರಗಳಿಗೆ ಬೇರೊಂದು ರಾಸಾಯನಿಕ ವೇಷ ಹಾಕಿ ಕತ್ತರಿಯನ್ನು ಏಮಾರಿಸುತ್ತದೆ. ಆ ವೇಷ ಹಾಕಿಸುವ ಜೀನ್‌ನ ಹೆಸರು ಮಾಮ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಬೆನ್ನುಹತ್ತಿದ್ದು ಈ ಮಾಮ್ ಜೀನನ್ನೇ.

ಇನ್ನೊಂದು ರಕ್ಷಣೆಯ ಸುಳಿವು ಸಿಕ್ಕಿದ್ದು ಉಪ್ಪಿನ ಆಗರದಲ್ಲಿ. ಸ್ಪೇನಿನ ಆಲಿಕಾಂಟೆ ಬಳಿಯ ಸಾಂತಾ ಪೋಲಾ ಎಂಬಲ್ಲಿ, ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿರುವಂತೆ, ಸಮುದ್ರದ ನೀರು ನಿಲ್ಲಿಸಿ ಉಪ್ಪು ತೆಗೆಯುತ್ತಾರೆ. ಆ ಗಾಢ ಉಪ್ಪುನೀರಿನಲ್ಲೇ ಸುಖವಾಗಿರುವ ಆರ್ಕಿಯ ಎಂಬ ಜೀವಿಯೊಂದರ ಡಿಎನ್ಎಯಲ್ಲಿ ಒಂದೇ ಸಾಲು ಮತ್ತೆ ಮತ್ತೆ, ನಡುವೆ ಸಮ ಅಂತರ ಬಿಟ್ಟು ಬರುವುದನ್ನು ಫ್ರಾನ್ಸಿಸ್ಕೊ ಮೊಹಿಕಾ 1993ರಲ್ಲಿ ವರದಿ ಮಾಡಿದ. ಜಪಾನಿನವರು 1987ರಲ್ಲೇ ಇಂಥದ್ದನ್ನು ಇ. ಕೋಲಿಯಲ್ಲಿ ಕಂಡಿದ್ದರು. ಆ ಅಂತರದಲ್ಲಿರುವ ತುಣುಕುಗಳು ಫೇಜ್‌ಗಳ ಡಿಎನ್ಎಯ ಚೂರುಗಳು ಎಂಬುದು 2005ರ ಹೊತ್ತಿಗೆ ತಿಳಿಯಿತು. ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಕಳ್ಳರ ಚಿತ್ರಗಳ ಹಾಗೆ. ಅದನ್ನು ಪ್ರಯೋಗದಲ್ಲಿ ಸಾಧಿಸಿ ತೋರಿಸಿದ್ದು 2007ರಲ್ಲಿ, ಡ್ಯಾನಿಸ್ಕೊ ಎಂಬ ಕಂಪನಿಯ ವಿಜ್ಞಾನಿಗಳು. ಅವರ ಆಸಕ್ತಿ ಬೇರೇನೂ ಆಗಿರಲಿಲ್ಲ: ಯೋಗರ್ಟ್ ಮತ್ತು ಚೀಸ್‌ಗೆ ಹಾಕುವ ಹೆಪ್ಪು ಫೇಜ್ ತಗಲಿ ಸಾಯಬಾರದು. ಫೇಜ್ ದಾಳಿಯಲ್ಲಿ ಬದುಕುಳಿದ ಹೆಪ್ಪಿನ ಬ್ಯಾಕ್ಟೀರಿಯಗಳನ್ನು ತೆಗೆದು ನೋಡಿದರೆ, ಅದೇ ಫೇಜ್‌ನ ಹೊಸ ಚೂರು ಅವುಗಳ ಡಿಎನ್ಎಯಲ್ಲಿ ಸೇರಿಕೊಂಡಿತ್ತು. ಚೂರು ತೆಗೆದುಹಾಕಿದರೆ ರಕ್ಷಣೆಯೂ ಹೋಯಿತು. ಕ್ರಿಸ್ಪರ್ ಎಂದು ಈಗ ಎಲ್ಲರೂ ಹೇಳುವುದು ಇದನ್ನೇ. ಇದರ ಕತ್ತರಿಯನ್ನು ಜೀನ್ ತಿದ್ದುವ ಸಾಧನವಾಗಿಸಿದ್ದಕ್ಕೆ 2020ರಲ್ಲಿ ಶಾರ್ಪೆಂಟಿಯೆ ಮತ್ತು ಡೌಡ್ನಾ ಅವರಿಗೆ ನೊಬೆಲ್ ಬಂತು.

ಆರ್ಕಿಯ ಎಂದೆ, ಅದೇನೆಂದು ಹೇಳಲಿಲ್ಲ. ನೋಟಕ್ಕೆ ಬ್ಯಾಕ್ಟೀರಿಯದಂತೆಯೇ ಇದ್ದರೂ ವಂಶವೇ ಬೇರೆ ಎಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಬೇರ್ಪಡಿಸಿದ ಗುಂಪು ಅದು. ಉಪ್ಪಿನ ಆಗರ, ಕುದಿಯುವ ಬುಗ್ಗೆಗಳಲ್ಲಿ ಮಾತ್ರವಲ್ಲ, ನಮ್ಮ ಹಿತ್ತಲ ಗೋಬರ್ ಗ್ಯಾಸ್ ಗುಂಡಿಯಲ್ಲೂ ಅವಿವೆ. ಒಲೆ ಉರಿಸುವ ಮೀಥೇನ್ ಅವುಗಳದೇ ಕೃಪೆ. ಅವುಗಳಿಗೂ ವೈರಸ್‌ಗಳಿವೆ. ಬಾಲವಿರುವ ಫೇಜ್‌ನಂಥವೂ ಕೆಲವಿವೆ, ಆದರೆ ಬಿಸಿ ಆಮ್ಲದ ಬುಗ್ಗೆಗಳಿಗೆ ಹೋದರೆ ಆಕಾರಗಳೇ ಬದಲಾಗುತ್ತವೆ: ನಿಂಬೆಹಣ್ಣು, ಬಾಟಲಿ, ಕೋಲು. ಜಗತ್ತಿನಲ್ಲಿ ಬೇರೆಲ್ಲೂ ವೈರಸ್‌ಗಳು ಬಾಟಲಿಯ ಆಕಾರದಲ್ಲಿ ಕಂಡಿಲ್ಲ.

ಇಟಲಿಯ ನೇಪಲ್ಸ್ ಬಳಿ ಪೊಟ್ಸುವೋಲಿ ಎಂಬಲ್ಲಿ, 85 ಡಿಗ್ರಿಗೂ ಮೀರಿದ ಆಮ್ಲದ ಬುಗ್ಗೆಯಲ್ಲಿ ಸಿಕ್ಕಿದ ಒಂದು ವೈರಸ್ಸಿನ ವರದಿ 2005ರಲ್ಲಿ ಬಂತು. ಆರ್ಕಿಯದಿಂದ ಹೊರಬೀಳುವಾಗ ಅದು ಬರಿಯ ನಿಂಬೆಹಣ್ಣು. ಹೊರಗೆ ಬಂದ ಮೇಲೆ, ಯಾವ ಜೀವಕೋಶದ ಸಹಾಯವೂ ಇಲ್ಲದೆ, ಬುಗ್ಗೆಯ ಬಿಸಿಯಲ್ಲಿ ಅದರ ಎರಡೂ ತುದಿಗಳಿಂದ ಬಾಲ ಬೆಳೆಯುತ್ತದೆ. ಜೀವಕೋಶದ ಹೊರಗೆ ವೈರಸ್ ಏನೂ ಮಾಡದ ಜಡ ಕಣ ಎಂದು ಪಠ್ಯಪುಸ್ತಕದಲ್ಲಿ ಓದಿದ ನನಗೆ ಇದು ಇವತ್ತಿಗೂ ಅಚ್ಚರಿ. ಇಂಥ ಬುಗ್ಗೆಗಳ ಬೇರೆ ಕೆಲವು ವೈರಸ್‌ಗಳು ಹೊರಬರುವ ರೀತಿಯೂ ವಿಚಿತ್ರ. ಗೋಡೆ ಕರಗಿಸುವ ಗೋಜಿಗೆ ಹೋಗದೆ ಆರ್ಕಿಯದ ಮೈಮೇಲೆ ಏಳು ಮುಖದ ಪುಟ್ಟ ಗೋಪುರಗಳನ್ನು ಎಬ್ಬಿಸುತ್ತವೆ. ಹೊತ್ತು ಬಂದಾಗ ಅವು ಎಸಳೆಸಳಾಗಿ ಬಿಚ್ಚಿ ಬಾಗಿಲಾಗುತ್ತವೆ.

ಇವೆಲ್ಲ ಮೂಲೆಯ ವಿಚಿತ್ರಗಳೆಂದು ತಳ್ಳಿಹಾಕುವ ಹಾಗಿಲ್ಲ. ಭೂಮಿಯ ಮೇಲಿನ ಇಂಥ ವೈರಸ್‌ಗಳ ಅಂದಾಜು ಲೆಕ್ಕ ಒಂದರ ಮುಂದೆ 31 ಸೊನ್ನೆ. ಸಮುದ್ರದ ಒಂದು ಚಮಚ ನೀರಿನಲ್ಲಿ ಕೋಟಿಗಟ್ಟಲೆ ಇರುತ್ತವೆ. ಅಲ್ಲಿನ ಸೂಕ್ಷ್ಮಜೀವಿಗಳಲ್ಲಿ ದಿನಕ್ಕೆ ಐದರಲ್ಲೊಂದು ಪಾಲು ಇವುಗಳಿಂದಲೇ ಸಾಯುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಹಾಗೆ ಒಡೆದ ಜೀವಕೋಶಗಳ ಸಾರ ನೀರಿಗೆ ಬೆರೆತು ಮತ್ತೆ ಸೂಕ್ಷ್ಮಜೀವಿಗಳಿಗೇ ಗೊಬ್ಬರವಾಗುತ್ತದೆ.

ಔಷಧಿಯ ಮಾತಿಗೆ ಬರೋಣ. 1919ರಲ್ಲಿ ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ಆಮಶಂಕೆಯಿಂದ ಬಳಲುತ್ತಿದ್ದ 12 ವರ್ಷದ ಹುಡುಗನಿಗೆ ದೆರೆಲ್ ಫೇಜ್ ಕುಡಿಸಿದ. ಅದಕ್ಕೆ ಮೊದಲು ತಾನೂ ಆಸ್ಪತ್ರೆಯ ವೈದ್ಯರೂ ಕುಡಿದು ನೋಡಿದ್ದರು. ಹುಡುಗ ಚೇತರಿಸಿಕೊಂಡ. ಭಾರತದಲ್ಲಿ ಪಂಜಾಬ್, ಅಸ್ಸಾಂಗಳಲ್ಲಿ ಕಾಲರಾಕ್ಕೆ ಫೇಜ್ ಹಂಚಿ ನೋಡಿದರು. 1923ರಲ್ಲಿ ಜಾರ್ಜಿಯಾದ ಟ್ಬಿಲಿಸಿಯಲ್ಲಿ ಗಿಯೋರ್ಗಿ ಎಲಿಯಾವಾ ಕಟ್ಟಿದ ಸಂಸ್ಥೆಯನ್ನು ಬೆಳೆಸಲು ದೆರೆಲ್ ಅಲ್ಲಿಗೂ ಹೋದ. 1937ರಲ್ಲಿ ಸ್ಟಾಲಿನ್ ಆಡಳಿತ ಎಲಿಯಾವಾನನ್ನು ಗುಂಡಿಟ್ಟು ಕೊಂದಿತು; ಸಂಸ್ಥೆ ಮಾತ್ರ ಉಳಿದು ಇವತ್ತಿಗೂ ಫೇಜ್ ಔಷಧಿ ಕೊಡುತ್ತಿದೆ.

ಉಳಿದ ಕಡೆ ಫೇಜ್ ಮೂಲೆ ಸೇರಿದ್ದಕ್ಕೆ ಪೆನಿಸಿಲಿನ್ ಬಂದದ್ದೊಂದೇ ಕಾರಣವಲ್ಲ. ಆಗಿನ ಕಂಪನಿಗಳು ಮಾರಿದ ಸೀಸೆಗಳಲ್ಲಿ ಎಷ್ಟೋ ಸಲ ಜೀವಂತ ಫೇಜ್ ಇರುತ್ತಲೇ ಇರಲಿಲ್ಲ. ಇದ್ದರೂ ರೋಗಿಯ ಬ್ಯಾಕ್ಟೀರಿಯಕ್ಕೆ ಅದು ತಕ್ಕ ಫೇಜ್ ಆಗಿರಬೇಕಲ್ಲ! ಆಂಟಿಬಯೋಟಿಕ್ ಊರಿಗೆಲ್ಲ ಒಂದೇ ಕೀಲಿಯ ಹಾಗೆ; ಫೇಜ್ ಒಂದು ಬಾಗಿಲಿನದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳನ್ನು ಮುಟ್ಟದಿರುವುದು ಅದರ ದೊಡ್ಡ ಗುಣ. ಔಷಧಿ ಅಂಗಡಿಯಲ್ಲಿಟ್ಟು ಎಲ್ಲರಿಗೂ ಮಾರಲಾಗದಿರುವುದು ಅದೇ ಗುಣದ ಇನ್ನೊಂದು ಮುಖ. ಇದಕ್ಕೆ ಉಪಾಯವಿಲ್ಲವೆಂದು ನನಗನ್ನಿಸುವುದಿಲ್ಲ, ಆದರೆ ಫೇಜ್ ಬಂತು, ಆಂಟಿಬಯೋಟಿಕ್ ಸೋತ ಕಡೆಯೆಲ್ಲ ಗೆದ್ದಿತು ಎಂಬ ಬಗೆಯ ಸುದ್ದಿಗಳನ್ನು ನಂಬುವುದೂ ಇಲ್ಲ.

2019ರಲ್ಲಿ ಪ್ರಕಟವಾದ ಒಂದು ಪ್ರಕರಣ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸುತ್ತದೆ. ಲಂಡನ್ನಿನಲ್ಲಿ ಶ್ವಾಸಕೋಶದ ಕಸಿ ಮಾಡಿಸಿಕೊಂಡ 15 ವರ್ಷದ ಹುಡುಗಿಗೆ, ಕ್ಷಯದ ಬ್ಯಾಕ್ಟೀರಿಯದ ದಾಯಾದಿಯೊಂದರ ಸೋಂಕು ಮೈಯೆಲ್ಲ ಹರಡಿತ್ತು, ಯಾವ ಆಂಟಿಬಯೋಟಿಕ್ಕೂ ನಾಟುತ್ತಿರಲಿಲ್ಲ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಗ್ರಹಾಂ ಹ್ಯಾಟ್‌ಫುಲ್ ಅವರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಮಣ್ಣು, ಗೊಬ್ಬರಗಳಿಂದ ಹೆಕ್ಕಿ ಕೂಡಿಟ್ಟ ಸಾವಿರಾರು ಫೇಜ್‌ಗಳಿದ್ದವು. ಅವುಗಳಲ್ಲಿ ಹುಡುಕಿದಾಗ ಕೈಗೆ ಬಂದದ್ದು ಮೂರು. ಒಂದಕ್ಕೆ ಮಡ್ಡಿ ಎಂದು ಹೆಸರು. ದಕ್ಷಿಣ ಆಫ್ರಿಕಾದಲ್ಲಿ ಕೊಳೆತ ಬದನೆಕಾಯಿಯೊಂದರ ಅಡಿಯಲ್ಲಿ ಸಿಕ್ಕಿದ್ದು. ಉಳಿದೆರಡು ಮಲಗುವ ಜಾತಿಯವು. ಔಷಧಿಯಾಗಿ ಒಳಗೆ ಹೋಗಿ ಮಲಗಿಬಿಟ್ಟರೆ ಪ್ರಯೋಜನವೇನು? ಹಾಗಾಗಿ ಅವುಗಳನ್ನು ಪಳಗಿಸಿ, ಮಲಗುವ ಚಟವನ್ನು ಬಿಡಿಸಿದರು. ದಿನಕ್ಕೆರಡು ಸಲ ಅಭಿಧಮನಿಗೆ ಕೊಟ್ಟ ಮೇಲೆ ಗಾಯಗಳು ಮಾಯತೊಡಗಿದವು, ಯಕೃತ್ತು ಸುಧಾರಿಸಿತು, ಹುಡುಗಿ ಮನೆಗೆ ಮರಳಿದಳು. ಸೋಂಕು ಮಾತ್ರ ಬುಡಸಮೇತ ಹೋಗಲಿಲ್ಲ. ಅದೇ ಹೊತ್ತಿಗೆ ಅದೇ ಬಗೆಯ ಸೋಂಕಿದ್ದ ಇನ್ನೊಬ್ಬ ರೋಗಿಯ ಬ್ಯಾಕ್ಟೀರಿಯಕ್ಕೆ ಈ ಮೂರೂ ನಾಟಲಿಲ್ಲ. ತಕ್ಕ ಫೇಜ್ ಸಿಗುವ ಮೊದಲೇ ಆ ರೋಗಿ ತೀರಿಕೊಂಡರು.

ಇಂಥ ರೋಗಿಗಳ ಮಾದರಿ ಬಂದಾಗ ಪ್ರಯೋಗಾಲಯದಲ್ಲಿ ಮೊದಲು ಆಗುವ ಕೆಲಸ ಬಹುಪಾಲು ದೆರೆಲ್ ಕಾಲದ್ದೇ. ರೋಗಿಯ ಬ್ಯಾಕ್ಟೀರಿಯವನ್ನು ತಟ್ಟೆಯ ಮೇಲೆ ತೆಳುವಾಗಿ ಹರಡಿ, ಒಂದೊಂದು ಫೇಜ್‌ನ ಒಂದೊಂದು ಹನಿಯನ್ನು ಸಾಲಾಗಿ ಇಡುತ್ತಾರೆ. ಆಮೇಲೆ ಕಾಯಬೇಕು; ಕ್ಷಯದ ಈ ದಾಯಾದಿಗಳು ನಿಧಾನ, ಒಂದು ರಾತ್ರಿಗೆ ಬೆಳೆಯುವವಲ್ಲ. ಕೆಲವು ದಿನಗಳ ಮೇಲೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲಿನಲ್ಲಿ ಎಲ್ಲಾದರೂ ತೂತು ಬಿದ್ದಿದೆಯೇ ಎಂದು ನೋಡುತ್ತಾರೆ.